ಹತ್ತುವುದಕ್ಕಿಂತ ಮೊದಲು ಇಳಿಯಲು ಕಲಿತೆ

ಬೆಟ್ಟದ ಚಾರಣಕ್ಕೆ ತಯಾರಿ ಎಂದರೆ ಎಲ್ಲರೂ ಹತ್ತುವುದನ್ನೇ ರೂಢಿ ಮಾಡುತ್ತಾರೆ. ನನ್ನನ್ನು ಕೇಳಿದರೆ, ಮೊದಲು ಇಳಿಯುವುದನ್ನು ರೂಢಿಸಿಕೊಳ್ಳಿ ಎನ್ನುತ್ತೇನೆ. ಹತ್ತುವಾಗ ಸೋಲುವುದು ಉಸಿರು. ಸ್ವಲ್ಪ ನಿಂತರೆ ಮರಳಿ ಬರುತ್ತದೆ. ಇಳಿಯುವಾಗ ಸೋಲುವುದು ಮೊಣಕಾಲು. ಆ ನೋವು ಮರುದಿನವೂ ಬಿಡುವುದಿಲ್ಲ. ದಿನಗಟ್ಟಲೆ ನಡೆಯುವವರಿಗೆ ಮರುದಿನವೇ ಮುಖ್ಯ.

ನಾವು ಮೂವರು ಗೆಳತಿಯರು ಆರಿಸಿಕೊಂಡದ್ದು ಪಶ್ಚಿಮ ಬಂಗಾಳದಲ್ಲಿ ಹಿಮಾಲಯದ ಎರಡು ಶಿಖರಗಳನ್ನು ಕೂಡಿಸುವ ಸಂದಕ್‌ಫು–ಫಾಲುಟ್ ದಾರಿ. ಮಾನೇಭಂಜನ್‌ನಿಂದ ಹೊರಟು ನೇಪಾಳದ ಗಡಿಗುಂಟ ಸಾಗುತ್ತದೆ. ರಾತ್ರಿ ತಂಗಲು ಅಲ್ಲಲ್ಲಿ ವಸತಿಗೃಹಗಳಿರುವುದರಿಂದ ಟೆಂಟ್ ಹೊರಬೇಕಿಲ್ಲ. ಸಂದಕ್‌ಫುವರೆಗೆ ಜೀಪು ಓಡಾಡುವುದರಿಂದ ಆರೋಗ್ಯ ಕೆಟ್ಟರೆ ಕೆಳಗೆ ಬರಬಹುದು. ಮೊದಲ ಸಲ ಹೋಗುವವರಿಗೆ ಇವೆರಡೂ ದೊಡ್ಡ ಆಸರೆ. ದಾರಿ ಹಾಯುವ ಸಿಂಗಲೀಲಾ ರಾಷ್ಟ್ರೀಯ ಉದ್ಯಾನದೊಳಗೆ ಮಾರ್ಗದರ್ಶಿ ಕಡ್ಡಾಯ, ಮಳೆಗಾಲದಲ್ಲಿ ಪ್ರವೇಶವಿಲ್ಲ. ಆಕಾಶ ತಿಳಿಯಾಗಿರುವ ನವೆಂಬರ್ ತಿಂಗಳನ್ನು ಗೊತ್ತು ಮಾಡಿಕೊಂಡೆವು.

ಬೆಳಗಿನ ಜಾವ ಬಳ್ಳಾರಿ ಕೋಟೆಯ ಗುಡ್ಡವೇ ನಮ್ಮ ಗರಡಿಮನೆ. ಬೆನ್ನಚೀಲದಲ್ಲಿ ನೀರು ತುಂಬಿದ ಬಾಟಲಿಗಳು. ಒಂದು ಲೀಟರ್ ನೀರೆಂದರೆ ಒಂದು ಕಿಲೋ, ತಕ್ಕಡಿಯೇ ಬೇಡ. ನಾಲ್ಕರಿಂದ ಶುರುಮಾಡಿ ವಾರಕ್ಕೊಂದರಂತೆ ಒಂಬತ್ತು ಬಾಟಲಿಗೆ ಏರಿಸಿದೆವು. ಮೇಲೆ ಹೋದ ಮೇಲೆ ನೀರು ಚೆಲ್ಲದೆ ಅದೇ ಭಾರ ಹೊತ್ತು ಇಳಿದೆವು. ಸೊಂಟದ ಪಟ್ಟಿಯನ್ನು ಹೊಟ್ಟೆಗಲ್ಲ, ಸೊಂಟದ ಮೂಳೆಯ ಮೇಲೆ ಕೂರುವಂತೆ ಬಿಗಿಯಬೇಕು. ಆಮೇಲೆ ಭುಜದ ಪಟ್ಟಿ. ಭುಜದ ಮೇಲಿದ್ದ ಭಾರ ಕಾಲಿಗೆ ಇಳಿಯುವುದು ಆ ಕ್ಷಣವೇ ತಿಳಿಯುತ್ತದೆ. ಹೆಜ್ಜೆ ಚಿಕ್ಕದಾಗಿರಲಿ, ಮೊಣಕಾಲು ತುಸು ಬಾಗಿರಲಿ, ಪಾದ ಪೂರ್ತಿ ಊರಲಿ. ಕೆಲವು ಭಾನುವಾರ ಆನೆಗೊಂದಿ ಬಳಿಯ ಅಂಜನಾದ್ರಿಗೆ ಹೋಗಿ 575 ಮೆಟ್ಟಿಲುಗಳಲ್ಲಿ ಇದನ್ನೇ ಮಾಡಿದೆವು. ಫಾಲುಟ್‌ನಿಂದ ಗೋರ್ಖೆ ಎಂಬ ಹಳ್ಳಿಗೆ ಒಂದೇ ದಿನದಲ್ಲಿ ಸಾವಿರ ಮೀಟರಿಗೂ ಹೆಚ್ಚು ಇಳಿಯುವಾಗ ನಮ್ಮ ಮೊಣಕಾಲುಗಳನ್ನು ಕಾಪಾಡಿದ್ದು ಈ ಮೆಟ್ಟಿಲುಗಳೇ.

ಜೀನ್ಸ್ ಹೊಲಿಯುವ ಊರಿನವರಾದ ನಮಗೆ ಜೀನ್ಸ್ ಬಿಟ್ಟು ಹೊರಡುವುದು ಕಷ್ಟವೇ. ಆದರೆ ಹತ್ತಿಯ ಬಟ್ಟೆ ಒದ್ದೆಯಾದರೆ ಚಳಿಯಲ್ಲಿ ಒಣಗುವುದಿಲ್ಲ, ಮೈಯ ಕಾವನ್ನೂ ಕಸಿಯುತ್ತದೆ. ಬೇಗ ಒಣಗುವ ಪಾಲಿಯೆಸ್ಟರ್ ಪ್ಯಾಂಟು, ಉಣ್ಣೆಯ ಕಾಲುಚೀಲ, ಮೇಲೊಂದು ಮಳೆಯಂಗಿ ಸಾಕು. ಬುತ್ತಿಗೆ ಅವ್ವ ಖಡಕ್ ರೊಟ್ಟಿ ಕಟ್ಟಲು ಹೊರಟಿದ್ದಳು. ಚೀಲದಲ್ಲಿ ಅದು ಪುಡಿಯಾಗುತ್ತದೆ ಎಂದು ಶೇಂಗಾ ಹೋಳಿಗೆ ಮಾಡಿಸಿಕೊಂಡೆ. ವಾರ ಕಳೆದರೂ ಕೆಡುವುದಿಲ್ಲ. ನಡುಮಧ್ಯಾಹ್ನ ಅರ್ಧ ಹೋಳಿಗೆ ತಿಂದರೆ ಕಾಲಿಗೆ ಕಸುವು ಬರುತ್ತದೆ. ಇದಕ್ಕೆ ಸಮನಾದ ಚಾರಣದ ತಿನಿಸು ನನಗಂತೂ ಸಿಕ್ಕಿಲ್ಲ.

ಗುಡ್ಡ ಕಲಿಸದ ಪಾಠವೊಂದಿದೆ: ಎತ್ತರ. ಬಳ್ಳಾರಿ ಸಮುದ್ರಮಟ್ಟದಿಂದ ಸುಮಾರು 500 ಮೀಟರ್, ಸಂದಕ್‌ಫು 3,636. ಎಷ್ಟೇ ಗಟ್ಟಿಮುಟ್ಟಾಗಿದ್ದರೂ ತೆಳುಗಾಳಿಗೆ ಮೈ ಒಗ್ಗಲು ಸಮಯ ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎನ್ನುತ್ತಾರೆ ವೈದ್ಯರು. ಹಾಗಾಗಿ ನಮ್ಮ ಯೋಜನೆ ದಿನದ ದೂರದಿಂದಲ್ಲ, ರಾತ್ರಿ ಮಲಗುವ ಎತ್ತರದಿಂದ ಹುಟ್ಟಿತು. ತುಮ್ಲಿಂಗ್‌ನಲ್ಲಿ ಒಂದು ರಾತ್ರಿ, ಕಾಲಿಪೋಖ್ರಿಯಲ್ಲಿ ಒಂದು. ಅಲ್ಲಿಂದ ಸಂದಕ್‌ಫುವಿನ ಏರು ಆ ಮಿತಿಯ ಅಂಚಿನಲ್ಲೇ ಇರುವುದರಿಂದ ಒಂದು ದಿನವನ್ನು ಖಾಲಿ ಇಟ್ಟುಕೊಂಡೆವು. ವಾಪಸಿನ ರೈಲು ಟಿಕೆಟ್ ಕೂಡ ಅದನ್ನು ಸೇರಿಸಿಯೇ ಕಾಯ್ದಿರಿಸಿದ್ದೆವು. ತಲೆನೋವಿದ್ದರೆ ಹತ್ತುವುದಿಲ್ಲ, ಹೆಚ್ಚಾದರೆ ಇಳಿಯುತ್ತೇವೆ ಎಂದು ಮೂವರೂ ಮನೆಯಲ್ಲೇ ಒಪ್ಪಿಕೊಂಡಿದ್ದೆವು. ಕಾಲಿಪೋಖ್ರಿಯಲ್ಲಿ ಗೆಳತಿಗೆ ತಲೆನೋವು ಬಂದಾಗ ಚರ್ಚೆಗೆ ಎಡೆಯೇ ಇರಲಿಲ್ಲ. ಆ ಖಾಲಿ ದಿನವನ್ನು ಅಲ್ಲೇ ಕಳೆದು, ನೋವು ಪೂರ್ತಿ ಇಳಿದ ಮೇಲೆ ಮೂವರೂ ಒಟ್ಟಿಗೆ ಹತ್ತಿದೆವು.