ಮುತ್ಯಾನ ಗೊಂಬಿಗೆ ಬಾಯಿ ಬಿಡಿಸಿದ್ದು

ನಮ್ಮ ಮುತ್ಯಾ ಬನಶಂಕರಿ ಜಾತ್ರ್ಯಾಗ ನಾಟಕ ಕಂಪನಿ ಬಂದಾಗ, ಸೀನ್ ಬದಲಿ ಮಾಡೋ ಹೊತ್ತಿನ್ಯಾಗ ತೊಡಿ ಮ್ಯಾಲ ಒಂದು ಗೊಂಬಿ ಕುಂದ್ರಿಸ್ಕೊಂಡು ಮಾತಾಡಸ್ತಿದ್ದನಂತ. ನಾ ನೋಡಿಲ್ಲ, ಬರೇ ಕೇಳಿದ್ದು. ಹೋದ ವರ್ಷ ಗುಳೇದಗುಡ್ಡದ ಮನಿ ಅಟ್ಟ ಇಳಿಸಿದಾಗ ಟ್ರಂಕಿನ್ಯಾಗ ಸಿಕ್ತು. ಕೋಟು ನುಸಿ ತಿಂದಿತ್ತು, ಬಾಯಿ ಅರ್ಧಾ ತಗದಂಗ ನಿಂತಿತ್ತು, ಸಣ್ಣ ಹುಡುಗ್ರು ಅಂಜಿ ಓಡಿದ್ವು.

ಬೆನ್ನಾಗಿನ ಸೀಳಿನಿಂದ ಕೈ ಹಾಕಿದ್ರ ಒಳಗ ಪೊಳ್ಳು. ತಲಿಯಿಂದ ಇಳದಿರೋ ಒಂದು ಕಟ್ಟಿಗಿ ಕೋಲು, ಅದಕ್ಕ ಲಿವರ್, ಲಿವರಿಗೆ ದಾರ. ದಾರ ಜಗ್ಗಿದ್ರ ಗದ್ದ ಕೆಳಗ, ಬಿಟ್ರ ಸ್ಪ್ರಿಂಗ್ ಬಾಯಿ ಮುಚ್ಚಬೇಕು. ದಾರ ಹರದಿತ್ತು, ಸ್ಪ್ರಿಂಗ್ ತುಕ್ಕು ಹಿಡದು ಮುರದಿತ್ತು. ನಾ ಶಾಣ್ಯಾ, ಬಾಲ್ ಪೆನ್ನಿನ ಸ್ಪ್ರಿಂಗ್ ಹಾಕಿದೆ, ಅದು ದೂಡೋ ಸ್ಪ್ರಿಂಗ್, ಇಲ್ಲಿ ಬೇಕಾಗಿದ್ದು ಜಗ್ಗೋದು ಅಂತ ಎರಡು ತಾಸು ಆದ್ಮ್ಯಾಲ ತಿಳೀತು! ಕಡೀಕ ಹಳೇ ಟೇಪ್ ರೆಕಾರ್ಡರ್ ಬಿಚ್ಚಿ ಒಂದು ತಗದೆ. ದಾರಕ್ಕ ಬಾಜೂ ಮನಿ ನೇಕಾರ ಕಾಕಾ ಮಗ್ಗಕ್ಕ ಕಟ್ಟೋ ಗಟ್ಟಿ ದಾರ ಕೊಟ್ಟ. ಬಾಯಿ ಮುಚ್ಚಿದಾಗೊಮ್ಮೆ ಟಕ್ ಅಂತಿತ್ತು, ಒಳಗ ಹವಾಯಿ ಚಪ್ಪಲ್ ರಬ್ಬರ್ ಚೂರು ಅಂಟಿಸಿದೆ, ಸುಮ್ಮನಾತು. ಮುಖಕ್ಕ ಆಯಿಲ್ ಪೇಂಟ್ ಹೊಡಿ ಅಂತ ಎಲ್ಲಾರೂ ಗಂಟಬಿದ್ರು, ನಾ ಹೊಡೀಲಿಲ್ಲ. ಕಾಗದದ ರದ್ದಿಲೆ ಮಾಡಿದ ತಲಿ, ನೀರೂ ತಾಗಿಸಲಿಲ್ಲ, ಒಣಾ ಬ್ರಷಿಲೆ ಧೂಳು ಜಾಡ್ಸಿದೆ ಅಷ್ಟ.

ಖರೇ ತ್ರಾಸ ಮಾತಿಂದು. ತುಟಿ ಅಲ್ಲಾಡಿಸ್ದಂಗ ಮಾತಾಡಿ ಗೊಂಬಿನ ಮಾತಾಡ್ದಂಗ ಮಾಡೋದಕ್ಕ ಇಂಗ್ಲಿಷಿನ್ಯಾಗ ವೆಂಟ್ರಿಲೋಕ್ವಿಸಂ ಅಂತಾರ, ಲ್ಯಾಟಿನ್ ಮೂಲ ಹಿಡದ್ರ ಹೊಟ್ಟಿಲೆ ಮಾತಾಡೋದು ಅಂತ, ಆದ್ರ ಹೊಟ್ಟ್ಯಾಗ ಏನೂ ಇಲ್ಲ, ಎಲ್ಲಾ ಗಂಟಲು, ನಾಲಿಗಿ. ಹಿಂಗ ಗೊಂಬಿ ಮಾತಾಡ್ಸೋ ಕಲಾವಿದ್ರು ಇಂದುಶ್ರೀ ಅವ್ರ ಗೊಂಬಿ ಡಿಂಕು, ರಾಮದಾಸ ಪಾಧ್ಯೆ ಅವ್ರ ಗೊಂಬಿ ಅರ್ಧವಟರಾವ್ ವಿಡಿಯೋ ಸ್ಲೋ ಮಾಡಿ ಬರೇ ಅವ್ರ ತುಟಿ ನೋಡ್ಕೋತ ಕುಂತೆ, ಗೊಂಬಿ ಕಡೆ ನೋಡಬಾರ್ದು ಅನ್ನೋದ ಕಷ್ಟ. ತುಟಿ ಸ್ವಲ್ಪ ತೆರದು ಅಲ್ಲಾಡಿಸ್ದಂಗ ಮಾತಾಡಿದ್ರ ಕ, ತ, ನ, ಲ ಎಲ್ಲಾ ಬರ್ತಾವ. ಪ, ಬ, ಮ ಬರಂಗಿಲ್ಲ, ತುಟಿ ಕೂಡ್ಲೇಬೇಕು. ಅಪ್ಪ ಅನ್ನಾಕ ಹೋದ್ರ ಅತ್ತ, ಮುತ್ಯಾ ಅಂದ್ರ ನುತ್ಯಾ! ಪಕ್ಕಕ್ಕ ತ, ಬಕ್ಕ ದ, ಮಕ್ಕ ನ, ನಾಲಿಗಿ ಮ್ಯಾಲಿನ ಹಲ್ಲಿಗೆ ಒತ್ತಿ ಲಗೂ ಅಂದು ಬಿಡೋದು. ಇನ್ನೊಂದು ಉಪಾಯ, ಆ ಶಬ್ದ ಮೊದಲ ನಾನ ಅನ್ನೋದು. ‘ಏನಪಾ, ಬದನಿಕಾಯಿ ಬೇಕಾ?’ ಅಂತ ನಾ ಕೇಳಿದ ಮ್ಯಾಲ ಗೊಂಬಿ ‘ದದನಿಕಾಯಿ’ ಅಂದ್ರೂ ಮಂದಿಗೆ ಬದನಿಕಾಯಿ ಅಂತನ ಕೇಳಸ್ತದ. ಅದೂ ಬ್ಯಾಡಂದ್ರ ಗೊಂಬಿ ಊಟಾನ ಬದಲಿ ಮಾಡ್ರಿ: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ, ಒಂದಕ್ಕೂ ತುಟಿ ಕೂಡ್ಸೋದು ಬ್ಯಾಡ.

ತಂಗಿ ಕುಬಸದ ದಿನ ಮನಿ ಮಂದಿ ಮುಂದ ಐದು ನಿಮಿಷ ಮಾಡಿದೆ. ಹುಡುಗ್ರು ನಕ್ಕ್ರು, ಆದ್ರ ನನ್ನ ತುಟಿ ಅಲ್ಲಾಡಿದ್ದು ಕಂಡಿತ್ತು. ಆಯಿ ಮೂಲ್ಯಾಗ ಕುಂತಾಕಿ, ‘ಹುಚ್ಚಪ್ಯಾ, ನಿಮ್ಮ ಮುತ್ಯಾ ಅಷ್ಟು ದೊಡ್ಡ ಮೀಸಿ ಯಾಕ ಬಿಟ್ಟಿದ್ದ ತಿಳದೀ?’ ಅಂದ್ಲು.

ಒಂದೂವರೆ ತಿಂಗಳಾತು, ನಾನೂ ಮೀಸಿ ಬಿಟ್ಟೀನಿ.