ಸವೆದ ಲೆದರ್ ಸೀಟು: ಬಣ್ಣ ಬಳಿಯುವ ಮುಂಚಿನ ಕೆಲಸವೇ ದೊಡ್ಡದು

ಹಳೇ ಕಾರಿನ ಬಾಗಿಲು ತೆಗೆದರೆ ಮೊದಲು ಕಣ್ಣಿಗೆ ಬೀಳುವುದು ಡ್ರೈವರ್ ಸೀಟಿನ ಬಲಗಡೆಯ ಉಬ್ಬಿದ ಅಂಚು. ಹತ್ತುವಾಗ, ಇಳಿಯುವಾಗ ಮೈಭಾರವೆಲ್ಲ ಉಜ್ಜುವುದು ಅಲ್ಲೇ. ಉಳಿದ ಸೀಟು ಚೆನ್ನಾಗಿದ್ದರೂ ಅಲ್ಲಿ ಬಣ್ಣ ಹೋಗಿ ಬಿರುಕು ಬಿಟ್ಟಿರುತ್ತದೆ. ಇದನ್ನು ಮನೆಯಲ್ಲೇ ಸರಿಮಾಡಬಹುದು. ಆದರೆ ಹೆಚ್ಚಿನವರು ಬಣ್ಣದ ಡಬ್ಬಿ ತಂದ ದಿನವೇ ಬಳಿದುಬಿಡುತ್ತಾರೆ. ಕೆಲವೇ ವಾರಗಳಲ್ಲಿ ಅದು ಪದರ ಪದರವಾಗಿ ಏಳುತ್ತದೆ.

ಮೊದಲು ಅದು ಲೆದರ್ ಹೌದಾ ನೋಡಿ. ಕಿತ್ತುಹೋದ ಜಾಗದಲ್ಲಿ ನೇಯ್ದ ಬಟ್ಟೆ ಕಂಡರೆ ಅದು ರೆಕ್ಸಿನ್, ನಾರುನಾರಾಗಿ ಕಂಡರೆ ಚರ್ಮ. ಎಷ್ಟೋ ಕಾರುಗಳಲ್ಲಿ ಕೂರುವ, ಒರಗುವ ಜಾಗ ಮಾತ್ರ ಲೆದರ್, ಪಕ್ಕ ಮತ್ತು ಹಿಂಬದಿ ರೆಕ್ಸಿನ್. ಸಿಪ್ಪೆ ಏಳುತ್ತಿರುವ ರೆಕ್ಸಿನ್‌ಗೆ ಬಣ್ಣ ಹಚ್ಚಿ ದುಡ್ಡು ಕಳೆಯಬೇಡಿ. ಕುಷನ್ ಅಂಗಡಿಯಲ್ಲಿ ಆ ತುಂಡನ್ನೇ ಬದಲಿಸಿ. ಬೆಂಗಳೂರಿನವರಿಗೆ ಕಾರಿನ ಸಾಮಾನಿನ ಅಂಗಡಿಗಳ ಜೆ.ಸಿ. ರಸ್ತೆ ಇದ್ದೇ ಇದೆ. ಲೆದರ್ ಆದರೆ ಸವೆಯದ ಜಾಗದಲ್ಲಿ ಒಂದು ಹನಿ ನೀರು ಬಿಡಿ. ಹನಿ ಹಾಗೇ ನಿಂತರೆ ಮುಂದುವರಿಯಿರಿ. ಒಳಗೆ ಇಳಿದರೆ ಮೇಲೆ ಬಣ್ಣದ ಕೋಟಿಂಗ್ ಇಲ್ಲ ಎಂದರ್ಥ. ಅದನ್ನು ಪಳಗಿದವರ ಕೈಗೇ ಕೊಡಿ.

ಆಮೇಲೆ ವ್ಯಾಕ್ಯೂಮ್ ಮಾಡಿ, ಲೆದರ್ ಕ್ಲೀನರ್ ಮತ್ತು ಮೆತ್ತನೆ ಬ್ರಷ್‌ನಿಂದ ತೊಳೆದು ಒರೆಸಿ.

ಜನ ಎಡವುವುದು ಇದರ ನಂತರ. ಸೀಟು ಶುಭ್ರವಾಗಿ ಕಂಡರೂ ಮೈಯ ಎಣ್ಣೆ, ಬೆವರು, ಹಿಂದಿನ ಮಾಲೀಕ ಹೊಡೆದ ಡ್ಯಾಶ್‌ಬೋರ್ಡ್ ಪಾಲಿಶ್ ಅಲ್ಲೇ ಕೂತಿರುತ್ತವೆ. ಸಿಲಿಕೋನ್ ಇರುವ ಆ ಪಾಲಿಶ್ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಬಿಳಿ ಬಟ್ಟೆಗೆ ಐಸೊಪ್ರೊಪಿಲ್ ಆಲ್ಕೋಹಾಲ್ ಹಾಕಿ ಸವೆದ ಭಾಗವನ್ನು ಹಗುರವಾಗಿ ಒರೆಸಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಮೊದಲು ಬಟ್ಟೆಗೆ ಕಂದು ಬಣ್ಣದ ಜಿಡ್ಡು ಬರುತ್ತದೆ. ಬಟ್ಟೆ ಬದಲಿಸುತ್ತಾ ಹೋಗಿ. ಜಿಡ್ಡು ನಿಂತು ಸೀಟಿನದೇ ಬಣ್ಣ ಹತ್ತಲು ಶುರುವಾದಾಗ ಸಾಕು ಮಾಡಿ.

ಈಗ 600 ನಂಬರಿನ ಸ್ಯಾಂಡ್‌ಪೇಪರ್‌ನಿಂದ ಬಿರುಕಿನ ಎದ್ದ ಅಂಚುಗಳನ್ನು ಉಜ್ಜಿ ತಗ್ಗಿಸಿ, ನಂತರ 1000 ನಂಬರಿನದರಿಂದ ನಯ ಮಾಡಿ. ಕಣ್ಣಿಗಿಂತ ಬೆರಳನ್ನು ನಂಬಿ. ಕಣ್ಣು ಮುಚ್ಚಿ ಸವರಿದಾಗ ಅಂಚು ಸಿಗಬಾರದು. ಧೂಳು ಒರೆಸಿ, ಲೆದರ್ ಫಿಲ್ಲರನ್ನು ಹಳೇ ಎಟಿಎಂ ಕಾರ್ಡಿನಿಂದ ಬಿರುಕಿನೊಳಗೆ ಒತ್ತಿ ಎಳೆಯಿರಿ. ಒಮ್ಮೆಗೇ ದಪ್ಪ ತುಂಬಿದರೆ ಕೂತಾಗ ಮತ್ತೆ ಬಿರಿಯುತ್ತದೆ. ತೆಳುವಾಗಿ ಹಚ್ಚಿ, ಒಣಗಿಸಿ, ಉಜ್ಜಿ, ಮತ್ತೆ ಹಚ್ಚಿ. ಸೂಜಿತೂತುಗಳಿರುವ ಸೀಟಿಗೆ ಫಿಲ್ಲರ್ ಬೇಡವೇ ಬೇಡ, ತೂತು ಮುಚ್ಚಿಹೋಗುತ್ತದೆ.

ಹರಿದಿದ್ದರೆ ಒಳಗಿನಿಂದ ಬಟ್ಟೆಯ ತುಂಡು ತೂರಿಸಿ, ಬಾಗುವ ಲೆದರ್ ಅಂಟಿನಿಂದ ಕೂಡಿಸಿ. ಫೆವಿಕ್ವಿಕ್ ಹಾಕಬೇಡಿ. ಅದು ಗಟ್ಟಿಯಾಗಿ, ಪಕ್ಕದಲ್ಲೇ ಇನ್ನೊಂದು ಸೀಳು ಬರುತ್ತದೆ. ಹೊಲಿಗೆ ಬಿಚ್ಚಿದ್ದರೆ ಮಾತ್ರ ಹುಷಾರು. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಆ ಭಾಗದ ಹೊಲಿಗೆ ಅಪಘಾತದ ಹೊತ್ತಿಗೆ ಬಿಚ್ಚಿಕೊಳ್ಳಲೇಬೇಕು. ಸುಮ್ನೆ ಗಟ್ಟಿ ದಾರದಲ್ಲಿ ಹೊಲಿಸಿದರೆ ಏರ್‌ಬ್ಯಾಗ್ ಹೊರಬರಲು ದಾರಿಯೇ ಇರುವುದಿಲ್ಲ. ಕಂಪನಿ ಸರ್ವಿಸ್ ಸೆಂಟರಿನಲ್ಲೇ ಕೇಳಿ ಮುಂದುವರಿಯಿರಿ.

ಬಣ್ಣ ಹೊಂದಿಸಲು ಹೆಡ್‌ರೆಸ್ಟ್‌ನ ಕೆಳಗೆ ನೋಡಿ, ಅಲ್ಲಿ ಬಿಸಿಲು ಜಾಸ್ತಿ ಬಿದ್ದಿರುವುದಿಲ್ಲ. ತಿಳಿ ಮರಳು ಬಣ್ಣದ (ಬೇಜ್) ಸೀಟಿಗೆ ಇದು ಇನ್ನೂ ಮುಖ್ಯ. ಹಸಿಯಿದ್ದಾಗ ಒಂದು ಬಣ್ಣ, ಒಣಗಿದಾಗ ಇನ್ನೊಂದು. ಮೂಲೆಯಲ್ಲಿ ಒಂದು ಚುಕ್ಕೆ ಇಟ್ಟು, ಹೇರ್ ಡ್ರೈಯರ್‌ನಿಂದ ಒಣಗಿಸಿ ನೋಡಿದ ಮೇಲೆ ಮುಂದುವರಿಯಿರಿ. ಸ್ಪಂಜಿನಲ್ಲಿ ತೀರಾ ಕಡಿಮೆ ಬಣ್ಣ ತೆಗೆದುಕೊಂಡು ತಟ್ಟಿ ಹಚ್ಚಿ, ಎಳೆಯಬೇಡಿ. ಮೊದಲ ಕೋಟು ತೇಪೆ ತೇಪೆಯಾಗಿ ಕಾಣುತ್ತದೆ. ಗಾಬರಿಯಾಗಿ ಅದರ ಮೇಲೆ ದಪ್ಪಗೆ ಬಳಿದರೆ ಅಷ್ಟೂ ಕೆಲಸ ಕೆಟ್ಟಂತೆ. ಪ್ರತಿ ಕೋಟು ಒಣಗಲಿ. ನಾಲ್ಕೈದು ಕೋಟಿಗೆ ಸಮವಾಗುತ್ತದೆ.

ಮೇಲೆ ಮ್ಯಾಟ್ ಟಾಪ್ ಕೋಟ್, ಅಂದರೆ ಬಣ್ಣ ಕಾಯುವ ಹೊಳಪಿಲ್ಲದ ಪದರ, ಹಚ್ಚಲೇಬೇಕು, ಇಲ್ಲದಿದ್ದರೆ ಬಣ್ಣ ಬಟ್ಟೆಗೆ ಬರುತ್ತದೆ. ಮಿರಮಿರ ಹೊಳೆಯುವುದನ್ನು ಕೊಳ್ಳಬೇಡಿ, ರಿಪೇರಿ ಮಾಡಿದ್ದು ಎದ್ದು ಕಾಣುತ್ತದೆ. ಒಂದು ದಿನವಾದರೂ ಯಾರೂ ಕೂರಬಾರದು.

ಬೂಟ್ ಪಾಲಿಶ್ ಹಚ್ಚಿ ಎಂಬ ಸಲಹೆ ಕೇಳಬೇಡಿ. ಮದುವೆಗೆ ಹೊರಟವರ ಬಿಳಿ ಪಂಚೆ ಹಾಳಾದೀತು. ಕೊಬ್ಬರಿ ಎಣ್ಣೆಯೂ ಬೇಡ, ಧೂಳು ಹಿಡಿಯುತ್ತದೆ.

ಇನ್ನು ದಿನದ ಆರೈಕೆ. ಬಿಸಿಲಲ್ಲಿ ನಿಲ್ಲಿಸುವಾಗ ಗಾಜಿಗೆ ಸನ್‌ಶೇಡ್ ಹಾಕಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಒದ್ದೆ ಛತ್ರಿ, ಟವೆಲ್ಲನ್ನು ಸೀಟಿನ ಮೇಲೆ ಬಿಡಬೇಡಿ, ಬೂಷ್ಟು ಬರುತ್ತದೆ. ಬಂದರೆ ಧೂಳು ಹಾರುವಂತೆ ಒಣಬಟ್ಟೆಯಿಂದ ಕೊಡವದೆ, ಸ್ವಲ್ಪ ಒದ್ದೆ ಬಟ್ಟೆಯಿಂದ ಒರೆಸಿ, ಬಾಗಿಲು ತೆರೆದಿಟ್ಟು ಗಾಳಿಗೆ ಒಣಗಿಸಿ. ತಿಳಿ ಬಣ್ಣದ ಸೀಟಾದರೆ ಹೊಸ ಜೀನ್ಸಿನ ನೀಲಿಯನ್ನು ಅಂದೇ ಒರೆಸಿ. ವಾರ ಬಿಟ್ಟರೆ ಅದು ಕ್ಲೀನರ್‌ಗೆ ಜಗ್ಗುವುದಿಲ್ಲ.