ತೊರಾಜಾ ಬೆಟ್ಟದ ಹಳ್ಳಿಗೆ ಹೊರಟಿದ್ದೀರಾ? ಸಾವಿನ ಮನೆಗೆ ಬರಿಗೈಲಿ ಹೋಗಬೇಡಿ

ಬಾಲಿಗೆ ಹೋದವರು 'ಹಾಗೇ ಎರಡು ದಿನ ತೊರಾಜಾ ನೋಡಿ ಬರೋಣ' ಎಂದು ಹೊರಡುತ್ತಾರೆ. ಎಡವುವುದು ಅಲ್ಲೇ. ಇಂಡೊನೇಷ್ಯಾದ ದಕ್ಷಿಣ ಸುಲಾವೇಸಿಯ ಈ ಬೆಟ್ಟಸೀಮೆಗೆ ಕನಿಷ್ಠ ನಾಲ್ಕು ರಾತ್ರಿ ಬೇಕು, ಅದರಲ್ಲಿ ಎರಡು ರಾತ್ರಿ ಹಳ್ಳಿಯಲ್ಲೇ ಕಳೆಯಬೇಕು. ಅಲ್ಲಿನ ಸಾವಿನ ವಿಧಿ 'ರಂಬು ಸೊಲೊ' ನೋಡಬೇಕೆಂದರೆ ಜುಲೈ-ಆಗಸ್ಟ್ ಸರಿಯಾದ ಕಾಲ. ಮಳೆ ಕಡಿಮೆ, ದೂರದ ಊರುಗಳಲ್ಲಿ ದುಡಿಯುವ ಮಕ್ಕಳೂ ರಜೆಗೆ ಬಂದಿರುತ್ತಾರೆ.

ಊರು ಮುಟ್ಟುವುದು

ಭಾರತೀಯರಿಗೆ 30 ದಿನದ ಆಗಮನ ವೀಸಾ ಸಿಗುತ್ತದೆ, ಶುಲ್ಕ 5 ಲಕ್ಷ ರೂಪಿಯಾ. ಸರ್ಕಾರಿ ಇಮಿಗ್ರೇಶನ್ ಜಾಲತಾಣದಲ್ಲೇ ಅರ್ಜಿ ಹಾಕಿ. ಅದನ್ನೇ ಹೋಲುವ ಖಾಸಗಿ ತಾಣಗಳು ಸುಮ್ಮನೆ ಹೆಚ್ಚು ಹಣ ಕೀಳುತ್ತವೆ.

ಮಕಾಸ್ಸರ್‌ವರೆಗೆ ವಿಮಾನ. ಅಲ್ಲಿಂದ ತೊರಾಜಾದ ಮುಖ್ಯ ಪಟ್ಟಣ ರಾಂತೆಪಾವೊಗೆ ಸುಮಾರು 320 ಕಿ.ಮೀ., ಬಸ್ಸಿನಲ್ಲಿ ಎಂಟು-ಒಂಬತ್ತು ಗಂಟೆ. ಎಲ್ಲರೂ ರಾತ್ರಿ ಬಸ್ಸು ಹಿಡಿಯುತ್ತಾರೆ. ಹೋಗುವಾಗ ಇಲ್ಲವೇ ಬರುವಾಗ, ಒಂದು ಸಲವಾದರೂ ಹಗಲು ಬಸ್ಸೇ ಹತ್ತಿ. ಎನ್‌ರೆಕಾಂಗ್ ದಾಟುವಾಗಿನ ಬೆಟ್ಟಸಾಲು ಕತ್ತಲಲ್ಲಿ ಕಾಣುವುದಿಲ್ಲ. ಅದೇ ಎನ್‌ರೆಕಾಂಗ್‌ನಲ್ಲಿ ಹಾಲಿಗೆ ಪರಂಗಿಕಾಯಿಯ ಸೊನೆ ಬೆರೆಸಿ ಹೆಪ್ಪುಗಟ್ಟಿಸುವ 'ದಂಕೆ' ಎಂಬ ಗಿಣ್ಣು (ಚೀಸ್) ಸಿಗುತ್ತದೆ. ಮಾಂಸ ತಿನ್ನದವರಿಗೆ ಈ ದಾರಿಯಲ್ಲಿ ಅದಕ್ಕಿಂತ ಒಳ್ಳೆಯ ತಿಂಡಿಯಿಲ್ಲ. ತಿರುವಿನಲ್ಲಿ ವಾಂತಿ ಬರುವವರು ಮಾತ್ರ ಎನ್‌ರೆಕಾಂಗ್‌ಗೆ ಮೊದಲೇ ಮಾತ್ರೆ ನುಂಗಿರಬೇಕು. ರಾತ್ರಿ ಬಸ್ಸಿನ ಎಸಿ ಮೈ ಕೊರೆಯುತ್ತದೆ, ಸ್ವೆಟರ್ ಕೈಚೀಲದಲ್ಲಿರಲಿ.

ದುಡ್ಡು ರಾಂತೆಪಾವೊದ ಎಟಿಎಂನಲ್ಲೇ ತೆಗೆಯಿರಿ, ಮೇಲಿನ ಹಳ್ಳಿಗಳಲ್ಲಿ ಸಿಗುತ್ತದೆಂದು ನಂಬಬೇಡಿ. ಲಕ್ಷದ ನೋಟಿಗೆ ಚಿಲ್ಲರೆ ಹುಟ್ಟುವುದು ಕಷ್ಟ, 20 ಮತ್ತು 50 ಸಾವಿರದ ನೋಟುಗಳನ್ನೇ ಮಾಡಿಸಿಕೊಳ್ಳಿ.

ಹಳ್ಳಿಯಲ್ಲಿ ತಂಗುವುದು

ಮೊದಲ ಸಲ ಹೋಗುವವರಿಗೆ ಸೆಸೆಯಾನ್ ಬೆಟ್ಟದ ಮಗ್ಗುಲಲ್ಲಿರುವ ಬತುತುಮೊಂಗಾ ಹಳ್ಳಿ ಸಾಕು. ರಾಂತೆಪಾವೊದ ಬೊಲು ಸಂತೆಯ ಬಳಿಯಿಂದ ಹಂಚಿಕೆ ವ್ಯಾನು ಮೇಲಕ್ಕೆ ಹೋಗುತ್ತದೆ. ಬೆಳಿಗ್ಗೆಯೇ ಹಿಡಿಯಿರಿ, ಮಧ್ಯಾಹ್ನದ ಮೇಲೆ ಗಾಡಿಗಳು ಕಡಿಮೆ. ರಾತ್ರಿ ಚಳಿ, ಬಚ್ಚಲಲ್ಲಿ ತಣ್ಣೀರು, ಚೊಂಬಿನ ಸ್ನಾನ.

ದೋಣಿಯಂತೆ ಎರಡೂ ತುದಿ ಎತ್ತಿದ ಮಾಡಿನ ಮನೆ ತೊಂಗ್‌ಕೊನಾನ್, ಉತ್ತರಕ್ಕೆ ಮುಖ ಮಾಡಿರುತ್ತದೆ. ಅದರೆದುರಿಗಿರುವುದು ಭತ್ತದ ಕಣಜ, ಅಲಾಂಗ್. ಇಲಿ ಹತ್ತಬಾರದೆಂದು ಅದರ ಕಂಬಗಳನ್ನು ತಾಳೆ ಜಾತಿಯ ಮರದಿಂದ ದುಂಡಗೆ, ನುಣ್ಣಗೆ ಮಾಡಿರುತ್ತಾರೆ. ಕಣಜದ ಕೆಳಗಿನ ಹಲಗೆಯೇ ಅಲ್ಲಿನ ಜಗಲಿ. ಬಂದವರನ್ನು ಕೂರಿಸಿ ಕಾಫಿ ಕೊಡುವುದು ಅಲ್ಲೇ. ಕರೆದ ಮೇಲೆ ಕೂತುಕೊಳ್ಳಿ, ಫೋಟೊಗಾಗಿ ಕಣಜ ಹತ್ತಬೇಡಿ.

ಕೆಲವು ಮನೆಗಳಲ್ಲಿ ತೀರಿಕೊಂಡ ಹಿರಿಯರು ಇನ್ನೂ ಒಳಗೇ ಮಲಗಿರುತ್ತಾರೆ. ವಿಧಿಗೆ ಬೇಕಾದ ಹಣ ಕೂಡಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಅವರು 'ತೊ ಮಕುಲಾ', ಅಂದರೆ ಕಾಯಿಲೆಯವರು. ಅವರಿಗೂ ಊಟ ಇಡುತ್ತಾರೆ. ಆ ಮನೆಯಲ್ಲಿ 'ಸತ್ತವರು', 'ಹೆಣ' ಎಂಬ ಮಾತು ನಿಮ್ಮ ಬಾಯಿಂದ ಬರಬಾರದು.

ಸಸ್ಯಾಹಾರಿಗಳು 'ದಾಗಿಂಗ್ ಬೇಡ' ಎಂದಷ್ಟೇ ಹೇಳಿ ಮೋಸಹೋಗುತ್ತಾರೆ. ದಾಗಿಂಗ್ ಎಂದರೆ ಮಾಂಸ ಮಾತ್ರ, ಸೊಪ್ಪಿನ ಪಲ್ಯಕ್ಕೆ ಸಿಗಡಿ ಅರೆದು ಮಾಡಿದ 'ತೆರಾಸಿ' ಬಿದ್ದೇ ಬೀಳುತ್ತದೆ. 'ತನ್‌ಪಾ ದಾಗಿಂಗ್, ತನ್‌ಪಾ ಇಕಾನ್, ತನ್‌ಪಾ ತೆರಾಸಿ' ಎಂದು, ಅಂದರೆ ಮಾಂಸ, ಮೀನು, ತೆರಾಸಿ ಇಲ್ಲದೆ ಎಂದು, ಮೂರನ್ನೂ ಹೇಳಿ. ಅನ್ನ, ತೆಂಪೆ (ಹುದುಗಿಸಿದ ಸೋಯಾ ಕಾಳಿನ ಬಿಲ್ಲೆ), ತಾಹು (ತೋಫು) ಎಲ್ಲೆಡೆ ಸಿಗುತ್ತವೆ. ಜೊತೆಗೆ ಒಂದು ಡಬ್ಬಿ ಚಟ್ನಿಪುಡಿ ಒಯ್ದರೆ ನಿಶ್ಚಿಂತೆ.

ರಂಬು ಸೊಲೊಗೆ ಹೋಗುವುದು

ಹೆಚ್ಚಿನವರು ಕೆಡಿಸಿಕೊಳ್ಳುವುದು ಇದನ್ನೇ. ಹಳದಿ ಟೀಶರ್ಟ್, ಚಡ್ಡಿ, ಕೈಯಲ್ಲಿ ಕ್ಯಾಮೆರಾ. ಕಾರಿಂದಿಳಿದು ನೇರ ಅಂಗಳದ ಮಧ್ಯಕ್ಕೆ ನಡೆದುಬಿಡುತ್ತಾರೆ. ಪ್ರವಾಸಿಗರನ್ನು ತೊರಾಜಾದವರು ತಡೆಯುವುದಿಲ್ಲ, ಬರಮಾಡಿಕೊಳ್ಳುತ್ತಾರೆ. ಆದರೆ ಅದು ಪ್ರದರ್ಶನವಲ್ಲ, ಒಂದು ಮನೆಯ ಮುಯ್ಯಿಯ ದಿನ. ಯಾರು ಎಷ್ಟು ಹಂದಿ, ಯಾವ ಕೋಣ ತಂದರೆಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ನಾಳೆ ಅವರ ಮನೆಯಲ್ಲಿ ಸಾವಾದಾಗ ಅದನ್ನು ತೀರಿಸಬೇಕು. ಅಪ್ಪ ತೀರಿಸದಿದ್ದರೆ ಮಗ. ಬರಿಗೈಲಿ ಹೋದವರು ಎದ್ದು ಕಾಣುವುದು ಅದಕ್ಕೇ.

ಮೊದಲು ದಿನ ಆರಿಸಿ. ವಿಧಿ ಹಲವು ದಿನ ನಡೆಯುತ್ತದೆ. ಶವಪೆಟ್ಟಿಗೆಯ ಮೆರವಣಿಗೆ, ಅತಿಥಿಗಳ ಬರಮಾಡಿಕೊಳ್ಳುವಿಕೆ, ಕೋಣ ಕಡಿಯುವುದು, ಕೊನೆಗೆ ಬಂಡೆಯ ಗೋರಿಗೆ ಒಯ್ಯುವುದು. ಹೊಸಬರು ಅತಿಥಿಗಳ ದಿನಕ್ಕೇ ಹೋಗಬೇಕು. ಆದರೂ ಅಂದು ಒಂದೆರಡು ಪ್ರಾಣಿ ಕಡಿಯುವುದುಂಟು. ನೋಡಲಾಗದವರು ಗೈಡ್‌ಗೆ ಮೊದಲೇ ಹೇಳಿ, ಅಷ್ಟರೊಳಗೆ ಎದ್ದು ಬನ್ನಿ. ಅಲ್ಲೇ ಕೂತು ಮುಖ ಸಿಂಡರಿಸುವುದು ಸಲ್ಲದು.

ಗೈಡ್ ಇಲ್ಲದೆ ಹೋಗಬಹುದೆಂದು ಹೇಳುವವರಿದ್ದಾರೆ. ಮೊದಲ ಸಲ ಬೇಡ. ಮನೆಯವರಿಗೆ ನಿಮ್ಮನ್ನು ಪರಿಚಯಿಸಲು ಒಬ್ಬರು ಬೇಕು.

ಉಡುಗೆ ಕಪ್ಪು, ಇಲ್ಲವೇ ಕಡುಬಣ್ಣ. ಭುಜ, ಮಂಡಿ ಮುಚ್ಚಿರಬೇಕು. ಕಾಣಿಕೆಗೆ ಒಂದು ಸ್ಲೊಪ್ ಕ್ರೆತೆಕ್, ಅಂದರೆ ಹತ್ತು ಪ್ಯಾಕ್ ಲವಂಗದ ಸಿಗರೇಟು, ವಾಡಿಕೆ. ತಂಬಾಕು ಕೊಡಲು ಮನಸ್ಸಿಲ್ಲದವರು ಎರಡು-ಮೂರು ಕಿಲೊ ಸಕ್ಕರೆ ಒಯ್ಯಿರಿ. ನೂರಾರು ಜನಕ್ಕೆ ಕಾಫಿ ಕಾಯಿಸುವ ಮನೆಗೆ ಅದು ನಿಜಕ್ಕೂ ಬೇಕು, ನಮ್ಮ ಆಯ್ಕೆ ಅದೇ. ರಾಂತೆಪಾವೊದಲ್ಲೇ ಕೊಂಡು ಚೀಲದಲ್ಲಿಟ್ಟು, ಗೈಡ್ ತೋರಿಸಿದ ಹಿರಿಯರ ಕೈಗೇ ಕೊಡಿ. ಚಾಕೊಲೇಟು, ಬಿಡಿ ನೋಟು ಮಕ್ಕಳಿಗೆ ಹಂಚುವ ಅಡ್ಡದಾರಿ ಬೇಡವೇ ಬೇಡ.

ಒಳಗೆ ಹೋಗುವಾಗ ಅವಸರ ಬೇಡ. ಪ್ರತಿ ಬಂಧುಕೂಟವೂ ಸಾಲಾಗಿ ಒಳಬರುತ್ತದೆ, ಆ ಸಾಲನ್ನು ಅಡ್ಡ ಹಾಯಬಾರದು. ಸುತ್ತಲೂ ಬಿದಿರಿನಲ್ಲಿ ಕಟ್ಟಿದ 'ಲಂತಾಂಗ್' ಚಪ್ಪರಗಳಿಗೆ ಸಂಖ್ಯೆ ಬರೆದಿರುತ್ತಾರೆ. ಒಂದೊಂದೂ ಒಂದು ಕುಟುಂಬದ್ದು. ಖಾಲಿ ಕಂಡಿತೆಂದು ಹತ್ತಿ ಕೂರಬೇಡಿ, ತೋರಿಸಿದಲ್ಲಿ ಚಪ್ಪಲಿ ಬಿಟ್ಟು ಚಕ್ಕಳಮಕ್ಕಳ ಹಾಕಿ ಕೂರಿ. ಕೂತವರ ಮುಂದೆ ಹಾದುಹೋಗಬೇಕಾದರೆ ಸೊಂಟ ಬಾಗಿಸಿ, ಬಲಗೈಯನ್ನು ಮೊಣಕಾಲಿನ ಮಟ್ಟಕ್ಕೆ ಇಳಿಬಿಟ್ಟು, 'ತಬೆ' (ಕ್ಷಮಿಸಿ) ಎನ್ನುತ್ತ ಸಾಗಿ. ಈ ಒಂದು ಬಗ್ಗುವಿಕೆಗೇ ಅಜ್ಜಿಯರ ಮುಖ ಅರಳುತ್ತದೆ. ಕಾಫಿ, ಅಕ್ಕಿಹಿಟ್ಟು-ಬೆಲ್ಲ-ಎಳ್ಳಿನ 'ದೆಪ್ಪ ತೊರಿ' ಬರುತ್ತವೆ. ಎಲೆ-ಅಡಿಕೆಯೂ ಬರಬಹುದು, ಕನ್ನಡಿಗರಿಗೆ ಅದನ್ನು ಹೇಳಿಕೊಡಬೇಕಿಲ್ಲ. ಎಲ್ಲವನ್ನೂ ಬಲಗೈಯಲ್ಲೇ ತೆಗೆದುಕೊಳ್ಳಿ.

ಕೋಣವನ್ನು ಕಾಲಿಗೆ ಹಗ್ಗ ಬಿಗಿದು ಗೂಟಕ್ಕೆ ಕಟ್ಟಿ, ಮಚ್ಚಿನ ಒಂದೇ ಏಟಿಗೆ ಕತ್ತು ಸೀಳುತ್ತಾರೆ. ಅದು ಬೀಳುವ ಮೊದಲು ಹಗ್ಗದ ಉದ್ದಕ್ಕೂ ನುಗ್ಗಬಹುದು, ಹಗ್ಗ ಕಿತ್ತುಕೊಂಡು ಬರಲೂಬಹುದು. ಹತ್ತಿರದ ಚಿತ್ರಕ್ಕೆಂದು ಆ ಸುತ್ತಿನೊಳಗೆ ನಿಲ್ಲುವುದು ಅಪಾಯ. ಚಪ್ಪರದ ಮೇಲಿಂದಲೇ ನೋಡಿ. ಕಾಣಿಕೆ ಕೊಟ್ಟು, ಕೇಳಿ, ಆಮೇಲೆ ಫೋಟೊ ತೆಗೆದರೆ ಯಾರೂ ಬೇಸರಪಡುವುದಿಲ್ಲ. ಪೆಟ್ಟಿಗೆಯ ಪಕ್ಕ ಅಳುತ್ತಿರುವವರ ಮುಖಕ್ಕೆ ಫ್ಲ್ಯಾಶ್ ಹೊಡೆಯಬಾರದು. ಎರಡು ಗಂಟೆಯಾದರೂ ಕೂತಿದ್ದು, ಹೊರಡುವಾಗ ಮನೆಯವರಿಗೆ 'ಕುರ್ರೆ ಸುಮಂಗಾ' ಎನ್ನಿ. ತೊರಾಜಾ ಮಾತಿನಲ್ಲಿ ಧನ್ಯವಾದ.

ಇಳಿದು ಬರುವುದು

ಬತುತುಮೊಂಗಾದಿಂದ ಪನಾ ಹಳ್ಳಿಯ ಮೂಲಕ ಕೆಳಗಿನ ತಿಕಾಲಕ್ಕೆ ನಡೆದೇ ಇಳಿಯಿರಿ, ಅರ್ಧ ದಿನದ ದಾರಿ. ಗದ್ದೆಯ ಬದುವಿನಲ್ಲಿ ರಬ್ಬರ್ ಚಪ್ಪಲಿ ಜಾರುತ್ತದೆ, ಹಲ್ಲಿರುವ ಶೂ ಬೇಕು. ಅಂಗಡಿಯ ತೆಳು ಪ್ಲಾಸ್ಟಿಕ್ ಮಳೆಕೋಟು ಮೊದಲ ಮುಳ್ಳಿಗೇ ಹರಿಯುತ್ತದೆ, ಗಟ್ಟಿಯಾದದ್ದನ್ನು ಮನೆಯಿಂದಲೇ ಒಯ್ಯಿರಿ.

ಕಾಫಿ ಕೊಳ್ಳುವುದಾದರೆ ಹುರಿದ ಬೀಜವನ್ನೇ ಕೊಳ್ಳಿ, ಹುರಿದ ದಿನಾಂಕವಿಲ್ಲದ ಪುಡಿ ಬೇಡ. ಸಾದಾನ್ ಕಡೆಯ ಕೈಮಗ್ಗದ ಬಟ್ಟೆಯನ್ನು ತಿರುಗಿಸಿ ನೋಡಿ. ಹಿಂಬದಿಯಲ್ಲಿ ಬಣ್ಣ ಮಂಕಾಗಿ, ಚಿತ್ತಾರ ಬರೀ ಮೇಲ್ಮೈಯಲ್ಲಿದ್ದರೆ ಅದು ಅಚ್ಚು ಹಾಕಿದ್ದು. ಮಕಾಸ್ಸರ್‌ಗೆ ವಾಪಸಾಗುವ ಬಸ್ಸಿನ ಸೀಟನ್ನು ರಾಂತೆಪಾವೊದಲ್ಲಿ ಇಳಿದ ದಿನವೇ ಕಾಯ್ದಿರಿಸಿ. ಆಗಸ್ಟ್‌ನಲ್ಲಿ, ಕ್ರಿಸ್‌ಮಸ್ ಹೊತ್ತಿನಲ್ಲಿ ಊರಿಗೆ ಬಂದವರೆಲ್ಲ ಒಟ್ಟಿಗೆ ಹೊರಡುತ್ತಾರೆ.